ದೇವಿಮನೆ ಘಟ್ಟದ ಬಾಯಲ್ಲಿ ನನ್ನ ಗಾಡಿ ಬಿಡಾರ

ಮನುಷ್ಯ ಒಂದೇ ಏಟಿಗೆ ಹಾಳಾದರೆ ಊರವರು ಅಳುತ್ತಾರೆ. ನಾನು ಸ್ವಲ್ಪ ಸ್ವಲ್ಪವೇ ಹಾಳಾದೆ. ಅದಕ್ಕೇ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯವರಿಗೆ ನಗಲಿಕ್ಕೆ ಒಂದಲ್ಲ ಒಂದು ಸಿಗುತ್ತಲೇ ಇತ್ತು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಕಾಲ. ಶಿರಸಿಯಿಂದ ಕುಮಟೆಗೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟ ಇಳಿಯುವುದಕ್ಕೆ ಮೊದಲು, ನನ್ನದೊಂದು ಗಾಡಿ ಬಿಡಾರ ಇತ್ತು. ಬಿಡಾರ ಅಂದರೆ ಮರಗಳ ನೆರಳಿನ ಒಂದು ಬಯಲು, ಬಾವಿ, ಎತ್ತಿಗೆ ನೀರು ಹಾಕುವ ಕಲ್ಬಾನಿ, ಹುಲ್ಲಿನ ಗೊಣಬೆ. ರಾತ್ರಿ ತಂಪಿನಲ್ಲಿ ನಡೆದ ಕಮಾನು ಗಾಡಿಗಳು ಬೆಳಗಾಗುತ್ತಲೇ ಅಲ್ಲಿ ಬಂದು ಎತ್ತು ಬಿಚ್ಚುತ್ತಿದ್ದವು. ಹಗಲೆಲ್ಲ ಗಾಡಿಯೇ ಮನೆ. ಅದರ ಕೆಳಗೆ ಅಡುಗೆ, ಒಳಗೆ ನಿದ್ದೆ, ಸುತ್ತ ಜಗಳ. ಬಿಸಿಲು ಇಳಿದ ಮೇಲೆ ಘಟ್ಟ ಇಳಿಯುವುದು.

ನನ್ನ ಬಾವಿಯ ನೀರಿನ ಕಥೆ ಕೇಳಬೇಕು. ಮುದಿ ಎತ್ತು ಒಂದು ಗುಟುಕು ಕುಡಿದರೆ ಸಾಕು, ಗಾಡಿಯ ಜೊತೆಗೆ ಎದುರಿನ ಗುಡ್ಡವನ್ನೂ ಒಂದಿಷ್ಟು ಎಳೆದುಕೊಂಡು ಹೋಗುತ್ತಿತ್ತು. ಘಟ್ಟದಲ್ಲಿ ಆ ತಿರುವುಗಳೆಲ್ಲ ಆದದ್ದು ಹೀಗೆ. ಸರಕಾರದವರು ತಾವು ಮಾಡಿಸಿದ್ದು ಅನ್ನುತ್ತಾರೆ. ಅನ್ನಲಿ.

ಆಮೇಲೆ ದಾರಿಗೆ ಡಾಂಬರು ಬಂತು, ಡಾಂಬರಿನ ಹಿಂದೆ ಲಾರಿ ಬಂತು. ಬನವಾಸಿಯ ಅಕ್ಕಿ ಲಾರಿಯಲ್ಲಿ ಇಳಿಯಿತು, ಕುಮಟೆಯ ಉಪ್ಪು ಲಾರಿಯಲ್ಲಿ ಹತ್ತಿತು. ಬಯಲಿನಲ್ಲಿ ಹುಲ್ಲು ಮೊಳಕಾಲೆತ್ತರ ಬೆಳೆಯಿತು.

ಜಾಗದ ಒಡೆಯರು ಬಂದು ನೋಡಿದರು. ಅಡಿಕೆ ತೋಟದ ಜನ, ಬಾಯಲ್ಲಿ ಎಲೆಯಡಿಕೆಯ ಕವಳ. "ಎಂತ ಮಾರಾಯ, ಗಾಡಿ ನಿಲ್ಲದ ಬಿಡಾರ ಎಂತಕ್ಕೆ? ಇಲ್ಲಿ ಅನಾನಸು ನೆಡ್ತೆ" ಅಂದರು.

"ಗಾಡಿ ಬರ್ತದೆ ಒಡೆಯಾ. ಈ ಬಯಲು ಬಿಟ್ಟರೆ ನಾನೆಲ್ಲಿಗೆ ಹೋಗಲಿ?"

ಅವರು ಒಳ್ಳೆಯವರೇ. "ಈ ಮಳೆ ಮುಗಿಯಲಿ, ಬರುವ ಬೇಸಿಗೆಯೂ ಕಳೆಯಲಿ. ಅಷ್ಟರೊಳಗೆ ಇಲ್ಲೊಂದು ಗಾಡಿ ನಿಂತದ್ದು ನನ್ನ ಕಣ್ಣಿಗೆ ಬಿದ್ದರೆ ಬಯಲು ನಿನ್ನದೇ. ಇಲ್ಲದಿದ್ದರೆ ಅನಾನಸು" ಅಂದರು.

ಆ ಗಡುವಿನೊಳಗೆ ನಡೆದದ್ದು ಇಷ್ಟು.

೧. ಚಕ್ರಕ್ಕೆ ನೀರು

ಗಾಡಿ ಇಲ್ಲದಿದ್ದರೆ ಲಾರಿಯನ್ನಾದರೂ ನಿಲ್ಲಿಸೋಣ, ಒಡೆಯರಿಗೆ ಅದನ್ನೇ ಗಾಡಿ ಅಂತ ತೋರಿಸೋಣ ಅಂದುಕೊಂಡೆ. ದೇವರ ದಯೆ, ದೀಪಾವಳಿ ಕಳೆದ ಮೇಲೆ ಒಂದು ಲಾರಿ ತಾನಾಗಿ ಬಯಲಿಗೆ ಇಳಿಯಿತು. ಹುಬ್ಬಳ್ಳಿ ಕಡೆಯ ಡ್ರೈವರು. ಇಂಜಿನ್ನು ಕಾದು ಹೊಗೆಯಾಡುತ್ತಿತ್ತು. "ಯಜಮಾನ್ರ, ಒಂದು ಕೊಡ ನೀರು ಕೊಡ್ರಿ" ಅಂದ.

ನಮ್ಮ ಬಿಡಾರದಲ್ಲೊಂದು ಪದ್ಧತಿ. ಬಂದ ಗಾಡಿಯ ಚಕ್ರಕ್ಕೆ ಮೊದಲು ನೀರು. ಬಿಸಿಲಿಗೆ ಮರ ಒಣಗಿದರೆ ಕಬ್ಬಿಣದ ಪಟ್ಟೆ ಸಡಿಲಾಗುತ್ತದೆ, ನೆನೆದರೆ ಬಿಗಿಯಾಗುತ್ತದೆ. ಎಷ್ಟೋ ತಿಂಗಳ ಮೇಲೆ ಬಂದ ಗಿರಾಕಿ. ಅವನು ಮರದ ಹಿಂದೆ ಹೋಗಿ ಬರುವುದರೊಳಗೆ ನಾನೂ ನನ್ನ ಹೆಂಡತಿಯೂ ಸೇರಿ ಬಾವಿಯ ಅರ್ಧ ನೀರನ್ನು ಲಾರಿಯ ಅಷ್ಟೂ ಚಕ್ರಕ್ಕೆ ಸುರಿದೆವು. ಸಗಣಿ, ಹುಲ್ಲು ಬಿದ್ದ ಮಣ್ಣು ಅದು. ಲಾರಿ ಕೆಸರಿನಲ್ಲಿ ಎಮ್ಮೆಯ ಹಾಗೆ ಕೂತುಬಿಟ್ಟಿತು.

"ಏನ್ ಮಾಡಿದ್ರಿ ಇದು?" ಅಂತ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ.

"ಹೆದರಬೇಡ, ಈಗ ಚಕ್ರ ಬಿಗಿಯಾಗಿದೆ" ಅಂದೆ.

"ಬಿಗಿ ಆಗೇತ್ರಿ, ಒಂದೂ ತಿರುಗವಲ್ದು!"

ಲಾರಿಯನ್ನು ಎಳೆಯಲು ಹಳ್ಳಿಯಿಂದ ಕೋಣ ತರಿಸಬೇಕಾಯಿತು. ಆ ಗಡಿಬಿಡಿಯಲ್ಲಿ ಒಡೆಯರಿಗೆ ತೋರಿಸುವುದು ಮರೆತೇ ಹೋಯಿತು. ಹೋಗುವಾಗ ಅವನು ದಾರಿಯಲ್ಲಿ ಸಿಕ್ಕ ಲಾರಿಯವರಿಗೆಲ್ಲ ಕೈ ಅಡ್ಡ ಹಾಕಿ, ಅಲ್ಲಿ ಮಾತ್ರ ನಿಲ್ಲಬೇಡಿ ಅಂತ ಹೇಳುತ್ತಾ ಹೋದನಂತೆ. ನನ್ನ ಹೆಸರು ಹುಬ್ಬಳ್ಳಿಯವರೆಗೆ ಮುಟ್ಟಿದ್ದು ಹಾಗೆ.

೨. ತೂತು ಹೋಯಿತು

ಬಿಡಾರದ ಮೂಲೆಯಲ್ಲಿ ಒಬ್ಬ ಆಚಾರಿ ಇದ್ದ. ಗಾಡಿ ಚಕ್ರಕ್ಕೆ ಪಟ್ಟೆ ಹಾಕುವುದರಲ್ಲಿ ಅವನನ್ನು ಮೀರಿಸುವವನು ಘಟ್ಟದ ಮೇಲೂ ಇಲ್ಲ, ಕೆಳಗೂ ಇಲ್ಲ. ಅವನಿಗೂ ನನ್ನದೇ ಗತಿ. ಕುಲುಮೆಯಲ್ಲಿ ಬೆಕ್ಕು ಮರಿ ಹಾಕಿತ್ತು.

"ದಾರಿಬದಿಗೆ ಒಂದು ಹಳೇ ಟಯರು ನೇತುಹಾಕು ಮಾರಾಯ. ಪಂಚರಾದವ ನಿಲ್ಲಲೇಬೇಕಲ್ಲ" ಅಂದ. ಹಾಕಿದೆ. ಒಬ್ಬ ಲಾರಿಯವ ನಿಂತೂ ನಿಂತ. ಚಕ್ರ ಬಿಚ್ಚಿ ಟಯರು ಕಳಚಿ ಆಚಾರಿಯ ಮುಂದಿಟ್ಟು, "ತೂತು ಮುಚ್ಚಿಡು, ಹಳ್ಳದಲ್ಲಿ ಮಿಂದು ಬರ್ತೆ" ಅಂತ ಹೋದ.

ಆಚಾರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಪಟ್ಟೆಯನ್ನು ಸಗಣಿ ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ನೀರು ಹೊಯ್ಯುವುದು. ಟಯರನ್ನೂ ಬೆರಣಿಯ ನಡುವೆ ಇಟ್ಟ. ನಾನು ಊದುಗೊಳವೆ ಹಿಡಿದೆ. ಎದ್ದ ಹೊಗೆ ಎಂಥದ್ದು ಅಂದರೆ, ಯಲ್ಲಾಪುರದಲ್ಲಿ ಜನ ಮಳೆ ಬಂತು ಅಂತ ಒಣಹಾಕಿದ ಅಡಿಕೆಯನ್ನು ಒಳಗೆ ಸಾಗಿಸಿದರು.

ಡ್ರೈವರು ಒದ್ದೆ ಪಂಚೆಯಲ್ಲೇ ಓಡಿ ಬಂದ. ಬೂದಿಯಲ್ಲಿ ಒಂದಿಷ್ಟು ತಂತಿ ಉಳಿದಿತ್ತು. "ಅಯ್ಯೋ ಪಾಪಿ! ನಾನು ಎಂತ ಹೇಳಿದ್ದೆ ನಿಂಗೆ?"

ಆಚಾರಿ ಬೆವರು ಒರೆಸಿಕೊಂಡು ಹೇಳಿದ: "ತೂತು ಇರಬಾರದು ಅಂದೆಯಲ್ಲ? ಈಗ ಎಲ್ಲಿದೆ ಹುಡುಕು ನೋಡುವ."

ಸಂಜೆಗೆ ಆಚಾರಿ ಚೀಲ ಕಟ್ಟಿದ. ಹಾವೇರಿ ಕಡೆ ಇನ್ನೂ ಮರದ ಚಕ್ರ ಇವೆಯಂತೆ. "ನೀನೂ ಬಾ" ಅಂತ ಕರೆದ. ಬಾವಿಯನ್ನು ಹೊತ್ತುಕೊಂಡು ಹೋಗಲಿಕ್ಕೆ ಆಗುತ್ತಿದ್ದರೆ ಹೋಗುತ್ತಿದ್ದೆ.

೩. ಮತ್ತೆ ಬರುವವರು

ಬೇಸಿಗೆ ಏರುತ್ತಿತ್ತು. ಒಂದು ಬೆಳಿಗ್ಗೆ ಬಿಳಿಯ ದಂಪತಿ ಒಂದು ಮೋಟಾರಿನಲ್ಲಿ ಬಂದು ಬಯಲಿನ ನಟ್ಟನಡುವೆ ನಿಲ್ಲಿಸಿದರು. ಬಾಗಿಲು ತೆರೆದರೆ ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ! ಕಮಾನು ಗಾಡಿಯೇ ಸೈ, ಎತ್ತು ಮಾತ್ರ ಇಲ್ಲ. ನನ್ನ ಹೆಂಡತಿ ಒಳಗೆ ಇಣುಕಿ, "ಪಾಪ, ಮನೆ ಹೊತ್ತುಕೊಂಡು ತಿರುಗ್ತಾರೆ ಅಂದ್ರೆ ಊರಲ್ಲಿ ಜಾಗ ಕೊಟ್ಟಿಲ್ಲ ಕಾಣ್ತದೆ" ಅಂತ ಕಣ್ಣು ಒರೆಸಿಕೊಂಡು ಒಂದು ಹಲಸಿನಕಾಯಿ ಕೊಟ್ಟಳು.

ನಾನು ಒಡೆಯರ ಮನೆಗೆ ಓಡಿದೆ. ಬಂದು ನೋಡಿದರು, ಸುತ್ತು ಹಾಕಿದರು. "ಇದು ಗಾಡಿಯೇ ಹೌದು, ಒಪ್ಪಿದೆ. ಆದರೆ ದಾರಿ ತಪ್ಪಿ ಬಂದದ್ದು ಲೆಕ್ಕಕ್ಕಿಲ್ಲ. ಮತ್ತೆ ಬರಬೇಕು" ಅಂದರು.

"ನೀವೇ ಕೇಳಿ ಒಡೆಯಾ, ನಿಮಗೆ ಇಂಗ್ಲಿಷ್ ಬರ್ತದೆ."

ಅವರು ಆ ಬಿಳಿಯನ ಹತ್ತಿರ ತುಂಬ ಹೊತ್ತು ಮಾತಾಡಿದರು. ಬಿಳಿಯ ನಕ್ಕ, ತಲೆಯಾಡಿಸಿದ, ಕೈಯಿಂದ ಗಾಳಿಯಲ್ಲಿ ದೊಡ್ಡದೊಂದು ಉಂಡೆ ಮಾಡಿ ತೋರಿಸಿದ. ನನಗೆ ಜೀವ ಬಂದ ಹಾಗಾಯಿತು.

"ಎಂತ ಅಂದ ಒಡೆಯಾ? ಮತ್ತೆ ಬರ್ತಾನಂತೋ?"

"ಖಂಡಿತ ಬರ್ತನಂತೆ."

"ಯಾವಾಗ?"

"ಭೂಮಿ ಸುತ್ತಿ ಮುಗಿದ ಮೇಲೆ."

೪. ಗಾಡಿ ಹಿಂದೆ ಬರ್ತಾ ಇದೆ

ಬೇಸಿಗೆ ಮುಗಿಯಿತು. ಆಕಾಶದಲ್ಲಿ ಕರಿಮೋಡ. ಅವತ್ತು ಒಡೆಯರು ಬಂದು ನೋಡುವ ದಿನ. ನಾನು ಬೆಳಗಿನಿಂದ ದಾರಿ ನೋಡುತ್ತಾ ಕೂತಿದ್ದೆ.

ಶಿರಸಿ ಕಡೆಯಿಂದ ಒಂದು ಲಾರಿ ಬಂತು. ಎಲ್ಲವೂ ಹೋದ ಹಾಗೆ ಅದೂ ಹೋಗಬೇಕಿತ್ತು. ನನ್ನ ಬಯಲಿನ ಎದುರು ಬರುತ್ತಲೇ ಲಾರಿಯೊಳಗೆ ಧಡಧಡ ಸದ್ದು. ಲಾರಿ ಈ ಕಡೆಗೆ ವಾಲಿತು, ಬ್ರೇಕು ಕಿರುಚಿತು. ನೋಡಿದರೆ ಹಿಂದುಗಡೆ ಎರಡು ಎತ್ತು ನನ್ನ ಕಲ್ಬಾನಿಯ ಕಡೆಗೆ ಕುತ್ತಿಗೆ ಚಾಚಿ, ಹಲಗೆ ಮುರಿಯುವ ಹಾಗೆ ಒದೆಯುತ್ತಿವೆ. ಅವುಗಳ ನಡುವೆ ಬನವಾಸಿ ಕಡೆಯ ನನ್ನ ಹಳೆಯ ಗಿರಾಕಿ, ಗಾಡಿ ಹೊಡೆಯುವ ಗೌಡ.

"ಇಲ್ಲಿ ನೀರು ಕುಡೀಲಾರ್ದ ಇವು ಎಂದೂ ಘಟ್ಟ ಇಳಿದಿಲ್ಲ ನೋಡಣ್ಣಾ. ಲಾರ್ಯಾಗ ಹಾಕಿದ್ರೂ ಮರೀಲಿಲ್ಲ" ಅಂದ.

ದಿಬ್ಬಕ್ಕೆ ಲಾರಿ ತಾಗಿಸಿ ಎತ್ತು ಇಳಿಸಿದೆವು. ಹೊಟ್ಟೆ ತುಂಬ ನೀರು ಕುಡಿದು, ತಮ್ಮ ಹಳೆಯ ಜಾಗಕ್ಕೆ ಹೋಗಿ ಮಲಗಿ ಮೆಲುಕು ಹಾಕತೊಡಗಿದವು.

"ಗಾಡಿ ಎಲ್ಲಿ ಗೌಡಾ?" ಅಂತ ಕೇಳಿದೆ.

"ಹೋಟೆಲಿನಾಂವ ಒಲಿಗೆ ಸೌದಿ ಮಾಡಾಕ ಒಯ್ದ. ಇವನ್ನ ಕುಮಟಿಯಾಗ ಮಾರಿ ಬಿಡೂದು. ಮುಗೀತಣ್ಣಾ."

ಎತ್ತನ್ನು ಮತ್ತೆ ಲಾರಿ ಹತ್ತಿಸಬೇಕಲ್ಲ? ಏಳಲಿಲ್ಲ. ಡ್ರೈವರು ಬಾಲ ತಿರುಚಿದ, ಗೌಡ ಬೆಲ್ಲ ತೋರಿಸಿದ, ನನ್ನ ಹೆಂಡತಿ ತಾಯಿಯಂತೆ ಬೈದಳು. ಒಂದು ಕಿವಿ ಅಲ್ಲಾಡಿತು, ಅಷ್ಟೇ. ಇಷ್ಟರಲ್ಲಿ ಒಡೆಯರು ಬಂದೇ ಬಿಟ್ಟರು.

ಎತ್ತು ನೋಡಿದರು. ನನ್ನನ್ನು ನೋಡಿದರು. "ಎತ್ತು ಕಾಣ್ತು. ಗಾಡಿ ಎಲ್ಲೋ?"

ಸೋಲುವ ಜಾತಿ ನನ್ನದಲ್ಲ. "ಎತ್ತು ಯಾವಾಗಲೂ ಗಾಡಿಯ ಮುಂದೇ ಅಲ್ಲವೇ ಒಡೆಯಾ? ಮುಂದಿನದು ಬಂದಿದೆ. ಗಾಡಿ ಹಿಂದೆ ಬರ್ತಾ ಇದೆ" ಅಂದೆ.

ಗೌಡ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಒಡೆಯರು ಬಾವಿಕಟ್ಟೆಯ ಮೇಲೆ ಕೂತರು, ಎಲೆಗೆ ಸುಣ್ಣ ಹಚ್ಚಿದರು, ಕವಳ ಹಾಕಿದರು. ನಾನೂ ಕೂತೆ. ಎಲ್ಲರೂ ಶಿರಸಿ ದಾರಿ ನೋಡಿದೆವು. ಕವಳ ಮುಗಿಯಿತು. ಒಡೆಯರು ಉಗುಳಿ ಬಂದು ಕೇಳಿದರು: "ಅಲ್ಲ ಮಾರಾಯ, ಎತ್ತಿಗೂ ಗಾಡಿಗೂ ನಡುವಿನ ಆ ಮೂಕಿಮರ ಎಷ್ಟು ಉದ್ದ?"

"ಬನವಾಸಿಯವರೆಗೂ ಇದೆ ಒಡೆಯಾ" ಅಂದೆ.

ಅವರು ಬಿದ್ದು ಬಿದ್ದು ನಕ್ಕರು. ನಕ್ಕು, ಕಣ್ಣು ಒರೆಸಿಕೊಂಡು, ಮನೆಗೆ ಹೋಗಿ, ಮಾರನೆಯ ಬೆಳಿಗ್ಗೆ ಗುದ್ದಲಿ ಕೊಟ್ಟು ಆಳುಗಳನ್ನು ಕಳಿಸಿದರು.

ಎತ್ತು ಇನ್ನೂ ಮಲಗಿಯೇ ಇದ್ದವು. ಲಾರಿಯವನು ಕಾದು ಕಾದು ಹೋಗಿದ್ದ, ಗೌಡ ಮರಕ್ಕೆ ಒರಗಿ ಕೂತಿದ್ದ. ಆಳುಗಳು ಎತ್ತಿನ ಸುತ್ತಲೂ ಜಾಗ ಬಿಟ್ಟು ಅಗೆಯಲು ಸುರು ಮಾಡಿದರು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ನಡುವೆ ಹೋಗಿ ನಿಂತು, ಎದೆ ತಟ್ಟಿ ಹೇಳಿದೆ: "ಅಗೀರಿ, ಎಷ್ಟು ಬೇಕಾದರೂ ಅಗೀರಿ! ಈ ಎತ್ತು ಏಳುವವರೆಗೆ ನನ್ನ ಬಿಡಾರ ಮುಚ್ಚಿಲ್ಲ!"

ಹೇಳಿ ಬಾಯಿ ಮುಚ್ಚಿದ್ದೆನೋ ಇಲ್ಲವೋ, ಎರಡೂ ಎದ್ದು ನಿಂತವು.