ಅತ್ತಿಗೆಯ ಐರಿಷ್

ಸ್ಟುಟ್‌ಗಾರ್ಟಿನಲ್ಲಿರುವ ನಮ್ಮ ಅತ್ತಿಗೆಗೆ ಜಗತ್ತಿನ ಎಲ್ಲ ಭಾಷೆಗಳೂ ಬರುತ್ತವೆ. ಎಲ್ಲವನ್ನೂ ಅವರು ಉಡುಪಿ ಕನ್ನಡದಲ್ಲೇ ಮಾತಾಡುತ್ತಾರೆ, ಅಷ್ಟೇ!

ಬೇಕರಿಯಲ್ಲಿ, "ಅಕ್ಕಾ, ಆ ಕರಟಿದ್ದು ಬೇಡ, ಪಕ್ಕದ್ದು ಕೊಡಿ" ಎನ್ನುತ್ತಾರೆ. ಪಕ್ಕದ್ದೇ ಬರುತ್ತದೆ! ಜರ್ಮನ್ ಪರೀಕ್ಷೆ ಪಾಸು ಮಾಡಿದ ನನಗೆ ಇಂದಿಗೂ ಕರಟಿದ್ದೇ ಗತಿ.

ಕಳೆದ ಬೇಸಿಗೆ ರಜೆಯಲ್ಲಿ ಅಣ್ಣ, ಅತ್ತಿಗೆ, ನಾನು ಐರ್ಲೆಂಡಿನ ಪಶ್ಚಿಮ ಕರಾವಳಿಗೆ ಹೋದೆವು. ಮನೆಮಾತು ಇನ್ನೂ ಐರಿಷ್ ಆಗಿಯೇ ಉಳಿದಿರುವ ಸೀಮೆ. ಸಿಮೆಂಟಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು, ನಡುವೆ ಚಾಪೆ ಹಾಸಿದಂಥ ಪುಟ್ಟ ಹೊಲಗಳು, ಆಚೆ ಕಡಲು. ದಾರಿಯ ಬೋರ್ಡುಗಳೆಲ್ಲ ಐರಿಷಿನಲ್ಲಿ. ಮೊದಲು ಅಣ್ಣನ ಫೋನಿನ ಸಿಗ್ನಲ್ ಹೋಯಿತು, ಹಿಂದೆಯೇ ಅಣ್ಣನ ತಾಳ್ಮೆ.

ಗೋಡೆ ಕಟ್ಟುತ್ತಿದ್ದ ಮುದುಕರೊಬ್ಬರಿಗೆ ಅತ್ತಿಗೆ ನಾವು ಉಳಿಯಬೇಕಿದ್ದ ಮನೆಯ ಫೋಟೋ ತೋರಿಸಿದರು. "ಅಜ್ಜಾ, ಈ ಮನೆ ಎಲ್ಲುಂಟು?"

ಅಜ್ಜ ಐರಿಷಿನಲ್ಲಿ ಒಂದು ಪುರಾಣವನ್ನೇ ಹೇಳಿದರು. ಅತ್ತಿಗೆ "ಹೌದಾ? ಅಯ್ಯೋ ದೇವರೇ!" ಎಂದು ತಲೆದೂಗಿ ಬಂದು, "ಚರ್ಚಿನ ಹತ್ರ ಎಡಕ್ಕೆ" ಎಂದರು.

"ನಿನಗೆ ಹೇಗೆ ಅರ್ಥವಾಯ್ತು?" ಎಂದ ಅಣ್ಣ.

"ಕೈ ತೋರಿಸಿದ್ರಲ್ಲ ಮಾರಾಯ್ರೆ! ನೀವು ಕಿವಿ ಮಾತ್ರ ಕೊಟ್ರಿ, ಕಣ್ಣು ಕೊಡ್ಲಿಲ್ಲ."

ಮನೆ ಸಿಕ್ಕಿತು. ಒಡತಿ ಒಬ್ಬ ಅಜ್ಜಿ. ಜವುಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಒಲೆಗೆ ಹಾಕುತ್ತಿದ್ದರು. "ನಮ್ಮ ಬೆರಣಿಯ ತಮ್ಮ!" ಎಂದು ಅತ್ತಿಗೆ ಅಲ್ಲೇ ಸಂಬಂಧ ಕುದುರಿಸಿದರು. ಅಜ್ಜಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅತ್ತಿಗೆಯ ಕನ್ನಡಕ್ಕೆ ಮಾತ್ರ ಅವರು ಐರಿಷಿನಲ್ಲೇ ಉತ್ತರ ಕೊಡುತ್ತಿದ್ದರು. ಇಬ್ಬರ ನಗುವಿಗೆ ಬೆಕ್ಕು ಎದ್ದು ಹೊರಗೆ ಹೋಯಿತು!

ಮರುದಿನ ಬೆಳಿಗ್ಗೆ ಅಜ್ಜಿ ಗೋಡೆಯ ಮೇಲಿದ್ದ ಹಳೆಯ ಚಿತ್ರ ತೋರಿಸಿದರು: ಮಣ್ಣು ಕೊಯ್ಯುತ್ತಿರುವ ಅವರ ತಾಯಿ. ಅತ್ತಿಗೆ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ, "ನನ್ನ ಅಮ್ಮ ಹೋಗುವಾಗ ನಾನು ವಿಮಾನದಲ್ಲಿದ್ದೆ ಅಜ್ಜೀ. ಮುಖ ನೋಡ್ಲಿಕ್ಕೆ ಸಿಗಲಿಲ್ಲ" ಎಂದರು. ಮತ್ತೆ ಮಾತು ನಿಲ್ಲಲೇ ಇಲ್ಲ. ಅಮ್ಮನ ಕೈರುಚಿ, ಅಮ್ಮನ ಬೈಗುಳ, ಕೊನೆಯ ಫೋನು. ಅಜ್ಜಿ ಕೈ ಹಿಡಿದುಕೊಂಡು ಕೇಳಿದರು, ನಡುನಡುವೆ ಐರಿಷಿನಲ್ಲಿ ಏನೋ ಹೇಳಿದರು.

ಬಾಗಿಲಲ್ಲಿ ಅಣ್ಣನೂ ನಾನೂ ನಿಂತಿದ್ದೆವು. ನಮಗಿಬ್ಬರಿಗೂ ಕನ್ನಡ ಬರುತ್ತದೆ. ಇದರಲ್ಲಿ ಒಂದು ಮಾತನ್ನೂ ನಾವು ಅಲ್ಲಿಯವರೆಗೆ ಕೇಳಿರಲಿಲ್ಲ.

ಅಜ್ಜಿ ಆಲೂಗಡ್ಡೆಯ ಬುಟ್ಟಿ ಎಳೆದು ಅತ್ತಿಗೆಯ ಕೈಗೊಂದು ಚಾಕು ಕೊಟ್ಟರು. ಇಬ್ಬರೂ ಸಿಪ್ಪೆ ತೆಗೆಯತೊಡಗಿದರು. ಅಣ್ಣ ಹೋಗಿ ಅತ್ತಿಗೆಯ ಪಕ್ಕದಲ್ಲಿ ನೆಲದ ಮೇಲೇ ಕೂತು, "ಅಮ್ಮ ಮತ್ತೇನು ಹೇಳಿದ್ರು?" ಎಂದು ಕೇಳಿದ.