ಬೀಗಿತ್ತಿ ಹೆಸರು ಹೇಳದ ಹೂವು

ನಾಚಿಕೆ ಹೆಂಗಸಿಗೆ ಒಡವೆ ಅಂತಾರೆ. ಇರಬಹುದು ಮಕ್ಕಳೇ, ನನ್ನ ಒಡವೆ ಮಾತ್ರ ತೂಕದಲ್ಲಿ ಕೊಂಚ ಹೆಚ್ಚೇ ಆಗಿತ್ತು. ಚಳ್ಳಕೆರೆ ಬಸ್ಸಿನಲ್ಲಿ ಕಂಡಕ್ಟರಿಗೆ "ಇಲ್ಲಿ ಇಳೀತೀನಿ" ಅನ್ನಲು ನಾಚಿ, ಮುಂದಿನ ಊರಲ್ಲಿಳಿದು ನಡೆದುಕೊಂಡು ವಾಪಸು ಬಂದವಳು ನಾನು. ಅಂಥವಳು ಒಮ್ಮೆ ಬೀಗಿತ್ತಿಯ ಎದುರು ಬಾಯಿ ತೆರೆದೆ, ಗೆದ್ದೆ. ಬರೆದಿಡದಿದ್ದರೆ ನೀವು ನಂಬುವುದಿಲ್ಲ.

ಆಗ ನಿಮ್ಮವ್ವ ಮೊಳಕಾಲ್ಮೂರಿನ ಅತ್ತೆಮನೆಯಲ್ಲಿ ಎರಡು ತಿಂಗಳ ಬಸುರಿ. ಹಿಂದಿನ ವರ್ಷದ ಬಸಿರು ನಿಂತಿರಲಿಲ್ಲ. ಹಾಗಾಗಿ ಆ ನೇಯ್ಗೆಯ ಮನೆಯವರು ಅವಳನ್ನು ಮಗ್ಗದ ಮೇಲಿನ ರೇಷ್ಮೆ ಎಳೆಯಂತೆ ನೋಡಿಕೊಳ್ಳುತ್ತಿದ್ದರು. ನಾನು ಹೋದ ದಿನ ಬೀಗಿತ್ತಿ, ಅಂದರೆ ನಿಮ್ಮ ಇನ್ನೊಬ್ಬ ಅಜ್ಜಿ, ಡಬ್ಬಿಯಿಂದ ಏನನ್ನೋ ತೆಗೆದು ಅವಳ ಹಾಲಿಗೆ ಹಾಕುತ್ತಿದ್ದರು. "ಏನ್ರೀ ಅದು?" ಎಂದೆ. "ಅದೇ ವದಿನಾ... ಹೂವು" ಎಂದು ಮಾತು ನುಂಗಿದರು. ಅವರ ಕಡೆ ತೆಲುಗಿನ ಮಾತು ಹೆಚ್ಚು, ಬೀಗಿತ್ತಿಯನ್ನು ವದಿನಾ ಅಂತಾರೆ, ಕೇಸರಿಗೆ ಕುಂಕುಮಪುವ್ವು ಅಂತಾರೆ. ಗಂಡ ಇಲ್ಲದ ನನ್ನ ಮುಂದೆ ಕುಂಕುಮದ ಮಾತೆತ್ತಬಾರದೆಂದು ಅವರ ಸಂಕೋಚ, ಮತ್ತೆ ಕೇಳಲು ನನ್ನ ಸಂಕೋಚ. ಇಬ್ಬರ ಸಂಕೋಚದ ನಡುವೆ ನಿಮ್ಮವ್ವ ಎರಡು ದಿನ ಮೂಗು ಹಿಡಿದು ಹಾಲು ಕುಡಿದಳು.

ಮೂರನೆಯ ಬೆಳಿಗ್ಗೆ ಅವಳೇ ಹೇಳಿದಳು: "ಕೇಸರಿ ಕಣವ್ವಾ. ಮಗು ಬೆಳ್ಳಗಾಗ್ತೈತಂತೆ. ದಿನಾ ಒಂದು ಹಿಡಿ."

ಹಿಡಿ! ನಮ್ಮೂರಲ್ಲಿ ನಾಟಿ ಮದ್ದು ಕೊಡುತ್ತಿದ್ದ ಮುದುಕಿ ಹೇಳುತ್ತಿದ್ದಳು, ಕೇಸರಿ ನೆಗಡಿಗೆ, ನಿದ್ದೆಗೆ, ಮುಟ್ಟಿನ ನೋವಿಗೆ ಒಳ್ಳೆಯದೇ, ಆದರೆ ಎರಡೇ ಎಳೆ. ಹೆಚ್ಚಾದರೆ ಉಷ್ಣ, ಹೊಸ ಬಸುರಿಗಂತೂ ಕೊಡಲೇಬಾರದು. ಅಡುಗೆಮನೆಗೆ ಓಡಿದೆ. ಬೀಗಿತ್ತಿ ಲೋಟ ಕೈಗೆತ್ತಿಕೊಂಡಿದ್ದರು. "ಕೊಡಬೇಡ್ರೀ!" ಎಂದು ಕೂಗಿದೆ. ಒಳಗಿನ ಮಗ್ಗವೇ ಗಪ್ಪನೆ ನಿಂತಿತು.

"ಯಾಕ್ರೀ, ನಾನೇನು ವಿಷ ಹಾಕ್ತೀನಾ? ಕಾಶ್ಮೀರದ್ದು ಇದು, ಬಾಗಿಲಿಗೆ ಬಂದವನ ಹತ್ರ ತಗೊಂಡಿದ್ದು" ಎಂದು ಡಬ್ಬಿಯನ್ನು ನನ್ನ ಮೂಗಿಗೇ ಹಿಡಿದರು. ನಾನು ನಾಲ್ಕು ಎಳೆ ನೀರಿಗೆ ಹಾಕಿದೆ. ನೆನೆದು ಬಿಚ್ಚಿಕೊಂಡವು, ಒಂದೊಂದರ ತುದಿಯಲ್ಲೂ ಐದು ಸೀಳು. ಚಿಕ್ಕಂದಿನಲ್ಲಿ ಕೈತುಂಬ ಮುಳ್ಳು ಚುಚ್ಚಿಸಿಕೊಂಡು ಇದನ್ನೇ ಕಿತ್ತವಳು ನಾನು, ಮರೆಯುತ್ತೇನೆಯೇ? "ವದಿನಾ, ಇದು ಕಾಶ್ಮೀರದ ಮುಖಾನೇ ನೋಡಿಲ್ಲ. ನಮ್ಮ ಹೊಲದ ಕುಸುಬೆ ಐತೆ. ಇದೂ ಬಸುರಿಗೆ ಆಗಲ್ಲ."

ಬೀಗಿತ್ತಿ ಲೋಟವನ್ನೂ ಡಬ್ಬಿಯನ್ನೂ ಬಚ್ಚಲಿಗೆ ಸುರಿದರು. "ರೇಷ್ಮೆಗೆ ಬಣ್ಣ ಹಾಕೋ ಮನೇಲಿ ಹುಟ್ಟಿದೋಳು ನಾನು. ನನಗೇ ಬಣ್ಣ ಬಳಿದು ಹೋದನಲ್ರೀ!" ಎಂದು ನಕ್ಕು, ಆಮೇಲೆ ಕಣ್ಣೊರೆಸಿಕೊಂಡರು. ಡಾಕ್ಟರಮ್ಮನೂ ಬರೀ ಹಾಲು ಸಾಕೆಂದರು. ತಿಂಗಳು ತುಂಬಿ ನಿಮ್ಮಣ್ಣ ಹುಟ್ಟಿದ, ಗುಂಡುಗುಂಡಗೆ, ನನ್ನದೇ ಎಣ್ಣೆಗಪ್ಪು ಬಣ್ಣ. ಬೀಗಿತ್ತಿ ಎತ್ತಿಕೊಂಡು, "ಇದು ಬಿಡೋ ಬಣ್ಣ ಅಲ್ಲ ಬಿಡ್ರಿ" ಎಂದರು.

ಅಂದಿನಿಂದ ಆ ಬೀದಿಯಲ್ಲಿ ಯಾರು ಕೇಸರಿ ಕೊಂಡರೂ ನಾನು ಹೋದಾಗ ತಂದು ತೋರಿಸುತ್ತಾರೆ. ನಾನು ಗಂಭೀರವಾಗಿ ಮೂಸಿ, ನೆನೆಸಿ, "ಕುಸುಬೆ" ಎನ್ನುತ್ತೇನೆ. ಇದುವರೆಗೆ ಬಂದದ್ದೆಲ್ಲ ಕುಸುಬೆಯೇ ಆದ್ದರಿಂದ ಕೀರ್ತಿ ಉಳಿದಿದೆ. ಯಾವಳಾದರೂ ಪುಣ್ಯಾತ್ಗಿತ್ತಿ ಅಸಲಿಯನ್ನೇ ತಂದು ಮುಂದಿಟ್ಟರೆ ಏನು ಹೇಳಲಿ? ಅಸಲಿ ಕೇಸರಿಯನ್ನು ನಾನು ಈವರೆಗೂ ಕಂಡಿಲ್ಲ.