ಜರ್ಮನಿ ಪಾನಕದ ಪಂಕ್ತಿ

ಹೂಟಗಳ್ಳಿಯ ಬೋಲ್ಟು ಕಾರ್ಖಾನೆಯ ಜನರಲ್ ಮ್ಯಾನೇಜರ್ ಸಾಹೇಬರು ಜರ್ಮನಿಗೆ ತರಬೇತಿಗೆಂದು ಹೋಗಿ ಬೋಲ್ಟಿನ ಬಗ್ಗೆ ಏನು ಕಲಿತರೋ ಆ ಶಿವನಿಗೇ ಗೊತ್ತು, ಬಿಯರಿನ ಬಗ್ಗೆ ಮಾತ್ರ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಬಂದರು. ಬಂದವರು ಸುಮ್ಮನಿರಬಾರದೇ? ಶನಿವಾರ ಬೆಳಗ್ಗೆ ಕ್ಯಾಂಟೀನ್ ಸೂಪರ್‌ವೈಸರ್ ಮೃತ್ಯುಂಜಯನನ್ನು ಕರೆಸಿದರು.

“ನಾಳೆ ಮಧ್ಯಾಹ್ನ ನಮ್ಮನೇಲಿ ಎಂಟು ಜನ ಆಫೀಸರ್‌ಗಳಿಗೆ ಬಿಯರ್ ಟೇಸ್ಟಿಂಗು. ಕುಡಿಯೋದಲ್ಲ ಕಣ್ರೀ, ರುಚಿ ನೋಡೋದು. ಐದು ಥರ, ಒಂದೊಂದು ಥರದ್ದೂ ಆರಾರು ಬಾಟ್ಲಿ ತರ್ಸಿದೀನಿ. ಯಾವುದಾದ ಮೇಲೆ ಯಾವುದು ಕೊಡ್ಬೇಕು ಅನ್ನೋದರಲ್ಲೇ ಎಲ್ಲಾ ಇರೋದು. ಮೊದಲ್ನೇದು ತಪ್ಪಿದ್ರೆ ನಾಲಿಗೆ ಕೆಟ್ಟು ಮಿಕ್ಕ ನಾಲ್ಕೂ ದಂಡ. ಅದನ್ನ ನೀವೇ ಯೋಚನೆ ಮಾಡಿ. ನಾನು ಬೆಂಗಳೂರಿಗೆ ಹೋಗಿ ನಾಳೆ ಟ್ರೈನಿಗೆ ಬರ್ತೀನಿ.”

“ಸಾರ್, ನನ್ನ ಸ್ಟೋರ್ಸ್ ಟ್ರಾನ್ಸ್‌ಫರ್ ವಿಚಾರ…”

“ಮೊದಲು ಇದು ಮುಗೀಲಿ. ಆಮೇಲೆ ಹೇಳ್ತೀನಿ.”

ಹನ್ನೊಂದು ವರ್ಷದಿಂದ ಮೃತ್ಯುಂಜಯ ಆ ಕ್ಯಾಂಟೀನಿನ ಹೊಗೆಯಲ್ಲಿ ಬೆಂದಿದ್ದ. ಸಾಂಬಾರಿಗೆ ಉಪ್ಪಿಲ್ಲ, ಚಟ್ನಿ ನೀರು, ವಡೆಯಲ್ಲಿ ತೂತೇ ಜಾಸ್ತಿ ಎಂದು ಬೈಸಿಕೊಂಡು ಬೈಸಿಕೊಂಡು ಕಿವಿ ತೂತಾಗಿತ್ತು. ಸ್ಟೋರ್ಸಿನಲ್ಲಿ ಈಗಷ್ಟೇ ಒಂದು ಜಾಗ ಖಾಲಿಯಾಗಿತ್ತು. ಅಲ್ಲಿ ಫ್ಯಾನಿದೆ, ಕೈಯಿರುವ ಕುರ್ಚಿಯಿದೆ. ಸುತ್ತ ಇರುವುದೆಲ್ಲ ಬೋಲ್ಟು. ಬೋಲ್ಟು ಯಾವತ್ತೂ ಉಪ್ಪಿಲ್ಲ ಅನ್ನುವುದಿಲ್ಲ. ಆ ಕುರ್ಚಿ ಸಿಕ್ಕರೆ ಸಾಕು, ಜನ್ಮ ಸಾರ್ಥಕ ಎಂದುಕೊಂಡಿದ್ದ.

ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಈ ಪ್ರಾಣಿ ಜೀವಮಾನದಲ್ಲಿ ಕುಡಿದ ಅತಿ ಖಡಕ್ ಪದಾರ್ಥವೆಂದರೆ ಶುಂಠಿ ಕಷಾಯ. ಬಿಯರಿನಲ್ಲಿ ಮೊದಲು ಯಾವುದು, ಕೊನೆಗೆ ಯಾವುದು ಎಂದರೆ ಇವನಿಗೇನು ಗೊತ್ತು? ಸಾಹೇಬರನ್ನೇ ಫೋನು ಮಾಡಿ ಕೇಳೋಣವೆಂದರೆ ಅದು ತೊಂಬತ್ತೇಳನೇ ಇಸವಿ, ಮೊಬೈಲು ಯಾರ ಜೇಬಿನಲ್ಲಿತ್ತು? ಕಂಡಕಂಡವರನ್ನು ಕೇಳಿದ.

“ಸ್ಟ್ರಾಂಗ್ ಇರೋದನ್ನ ಮೊದ್ಲು ಕೊಟ್ಬುಡಿ ಸಾರ್,” ಎಂದ ಕ್ಯಾಂಟೀನಿನ ಅಸಿಸ್ಟೆಂಟು ವಿಜಯ್‌ಕುಮಾರ್. ಈ ವಿಷಯದಲ್ಲಿ ಅವನ ಅನುಭವ ದೊಡ್ಡದು. “ಆಮೇಲೆ ನೀವು ನಲ್ಲಿ ನೀರು ಕೊಟ್ರೂ ಸೂಪರ್ ಅಂತಾರೆ.”

“ರೇಟಿನ ಪ್ರಕಾರ ಹೋಗ್ರಿ,” ಎಂದರು ಅಕೌಂಟ್ಸಿನ ಲಿಂಗಯ್ಯ. “ದುಬಾರೀದು ಕೊನೇಗೆ. ಅಷ್ಟೊತ್ತಿಗೆ ಅರ್ಧ ಜನ ಎದ್ದೋಗಿರ್ತಾರೆ, ಉಳಿತಾಯ.”

ಅಡುಗೆಯ ಚಲುವಮ್ಮ ಸೌಟು ಕೆಳಗಿಡದೆ ಹೇಳಿದಳು: “ಎಂಗ್ ಕೊಟ್ರೂ ಕುಡೀತವೆ ಬುಡಿ ಸಾಮಿ. ಒಟ್ಟೆಗೆ ಮೊದ್ಲು ಏನಾರಾ ಆಕ್ಬುಡಿ.”

ಕೇಳಿ ಕೇಳಿ ಮೃತ್ಯುಂಜಯನ ತಲೆ ಗೊಜ್ಜಾಯಿತು.

ಭಾನುವಾರ ಹೆಂಡತಿ ಶಾಂತಾದೇವಿ ತವರಿಗೆ ಹೋಗಿದ್ದಳು, ಪುಣ್ಯ. ಸಾಹೇಬರ ಫ್ರಿಜ್ಜು ಕೆಟ್ಟಿದ್ದರಿಂದ ಬಾಟಲಿಗಳನ್ನು ತಣ್ಣಗೆ ಮಾಡುವ ಭಾಗ್ಯವೂ ವಿಜಯನಗರದ ಇವನ ಬಾಡಿಗೆ ಮನೆಗೇ ಬಂತು. ವಿಜಯ್‌ಕುಮಾರ್ ಐಸ್ ಗಡ್ಡೆ ತಂದು, ಹಿತ್ತಲಿನ ತಾಮ್ರದ ಹಂಡೆಗೆ ನೀರು ಸುರಿದು ಎಲ್ಲ ಬಾಟಲಿಗಳನ್ನೂ ಮುಳುಗಿಸಿ, ಮೇಲೆ ಗೋಣಿತಾಟು ಮುಚ್ಚಿದ. “ನನ್ ಐಡಿಯಾ ಎಂಗೈತೆ ಸಾರ್?” ಎಂದು ಬೀಗಿದ.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಒಂದು ತಲೆ ಎದ್ದಿತು. ಪಕ್ಕದ ಮನೆಯ ಏಕಾಂತಯ್ಯನವರು! ಮಠದ ದಾಸೋಹದಲ್ಲಿ ಮೂವತ್ತು ವರ್ಷ ಬಡಿಸುವವರ ಯಜಮಾನಿಕೆ ಮಾಡಿದವರು. ಅಷ್ಟೇ ವರ್ಷ ನಶ್ಯ ಏರಿಸಿ ಏರಿಸಿ ಮೂಗನ್ನು ಪೂರ್ತಿ ಕೊಂದುಕೊಂಡವರು. ಇವರಿಗೆ ಗೊತ್ತಾದರೆ ಮುಗಿಯಿತು, ಸಂಜೆಯೊಳಗೆ ಶಾಂತಾದೇವಿಯ ತವರಿಗೂ ಸುದ್ದಿ.

“ಏನಯ್ಯ ಮೃತ್ಯುಂಜಯ, ಹಂಡೆಗಟ್ಲೆ ಐಸು? ಏನ್ ವಿಶೇಷ?”

“ಪಾ… ಪಾನಕ ಅಯ್ನೋರೆ. ನಮ್ಮ ಸಾಹೇಬ್ರ ಮನೇಲಿ. ಜರ್ಮನಿ ಪಾನಕ. ಬಾಟ್ಲೀಲಿ ಬರತ್ತೆ. ಐದು ಥರ.” ಬಾಯಿಗೆ ಬಂದದ್ದನ್ನು ಹೇಳಿ, ಹೇಗೂ ಹೇಳಿದ್ದಾಯಿತಲ್ಲ ಎಂದು ಕೇಳಿಯೇಬಿಟ್ಟ: “ಯಾವ್ದು ಮೊದ್ಲು ಕೊಡ್ಬೇಕು ಅಂತಲೇ ತಿಳೀತಿಲ್ಲ.”

ಏಕಾಂತಯ್ಯನವರ ಮುಖ ಅರಳಿತು. ಎಷ್ಟು ವರ್ಷದಿಂದ ಯಾರೂ ಅವರನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ! “ಅಯ್ಯೋ, ಇದಕ್ಯಾಕಯ್ಯ ಚಿಂತೆ? ತೆಳು ಮೊದಲು, ಗಟ್ಟಿ ಆಮೇಲೆ. ತಿಳಿ ಬಣ್ಣದ್ದು ಮೊದಲು, ಕಪ್ಪಗಿರೋದು ಕಟ್ಟಕಡೇಗೆ. ನಡುನಡುವೆ ಒಂದೊಂದು ಚಿಟಿಕೆ ಸಪ್ಪೆ ಕೋಸಂಬರಿ ಕೊಟ್ಟು ನಾಲಿಗೆ ತೊಳೆಸ್ಬೇಕು. ಅಷ್ಟೇ ಕಣಯ್ಯ!”

ಮೃತ್ಯುಂಜಯನಿಗೆ ಹೋದ ಜೀವ ಬಂದಂತಾಯಿತು. ಏಕಾಂತಯ್ಯನವರು ಒಳಗೆ ಹೋದದ್ದೇ ತಡ, “ಬೇಗ ತೆಗಿಯೋ, ಲೇಬಲ್ ನೋಡಿ ಸಾಲಾಗಿ ಜೋಡ್ಸೋಣ,” ಎಂದು ವಿಜಯ್‌ಕುಮಾರನನ್ನು ಅವಸರಿಸಿದ. ಗೋಣಿತಾಟು ಸರಿಸಿದರೆ ಏನಿದೆ! ಲೇಬಲ್ಲುಗಳೆಲ್ಲ ಬಿಚ್ಚಿಕೊಂಡು ನೀರಿನ ಮೇಲೆ ಬಂದಿದ್ದವು. ಹಡಗಿನ ಚಿತ್ರದ್ದೇನೋ ತೇಲುವುದು ನ್ಯಾಯ. ಹುಂಜ, ಟಗರು, ಕರಡಿ, ಗಡಿಯಾರ ಕೂಡ ಹಾಯಾಗಿ ತೇಲುತ್ತಿದ್ದವು. ಕೆಳಗೆ ಬಾಟಲಿಗಳೆಲ್ಲ ಒಂದೇ ಕಂದು ಬಣ್ಣ, ಒಂದೇ ಮುಚ್ಚಳ, ಬೋಳು ಬೋಳು.

“ಕೆಟ್ಟೆನಲ್ಲೋ! ಸ್ಟೋರ್ಸು ಹೋಯ್ತಲ್ಲೋ!”

“ಯೋಚ್ನೆ ಮಾಡ್ಬ್ಯಾಡಿ ಸಾರ್. ನಾನ್ ರುಚಿ ನೋಡಿ ಹೇಳ್ತೀನಿ, ಯಾವ್ದು ಯಾವ್ದು ಅಂತ.” ವಿಜಯ್‌ಕುಮಾರ್ ಒಂದು ತೆಗೆದ, ಗಂಭೀರವಾಗಿ ಚಪ್ಪರಿಸಿದ, ಖಾಲಿ ಮಾಡಿದ. ಇನ್ನೊಂದು ತೆಗೆದ. ಮತ್ತೊಂದು. ನಾಲ್ಕನೆಯದು ಮುಗಿಸಿ ಹಂಡೆಗೆ ಒರಗಿ ಕೂತು ಕಣ್ಣಲ್ಲಿ ನೀರು ತಂದುಕೊಂಡ. “ಸಾರ್… ಎಲ್ಲಾ ಒಂದೇ ಸಾರ್. ಮೇಲು ಕೀಳು ಅಂತ ಬ್ಯಾಡ ಸಾರ್. ನಾವೇ ಮಾಡ್ಕೊಂಡಿರೋದು.”

ಅವನನ್ನು ಬಡಿಯಬೇಕು ಎಂದು ಮೃತ್ಯುಂಜಯ ಚೊಂಬು ಹುಡುಕುತ್ತಿದ್ದಾಗ ಬಾಗಿಲಲ್ಲಿ ಏಕಾಂತಯ್ಯನವರು ನಿಂತಿದ್ದರು. ವಿಭೂತಿ ಇಟ್ಟುಕೊಂಡು, ಸೊಂಟಕ್ಕೆ ವಸ್ತ್ರ ಬಿಗಿದು, ಒಂದು ಕೈಯಲ್ಲಿ ಕೋಸಂಬರಿ ಪಾತ್ರೆ, ಇನ್ನೊಂದರಲ್ಲಿ ಬಾಳೆಲೆ ಸುರುಳಿ. “ಎಂಟು ಜನಕ್ಕೆ ಬಡಿಸೋಕೆ ನೀನೊಬ್ಬ ಸಾಕೇನಯ್ಯ? ನಡಿ ನಡಿ.”

ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಕಾರ್ಖಾನೆಯ ವ್ಯಾನು ಹತ್ತಿಯಾಗಿತ್ತು.

ಸಾಹೇಬರ ಟ್ರೈನು ತಡವಾಗಿತ್ತು. ಮನೆಯ ಯಜಮಾನರಿಲ್ಲದ ಮೇಲೆ ಏಕಾಂತಯ್ಯನವರೇ ಯಜಮಾನರು. ಅಡುಗೆಮನೆಗೆ ನುಗ್ಗಿ ಕ್ಯಾಂಟೀನಿನ ಮಜ್ಜಿಗೆ ಜಗ್ಗುಗಳನ್ನು ಸಾಲಾಗಿಟ್ಟು, ಪ್ರತಿ ಬಾಟಲಿಯನ್ನೂ ತೆಗೆಸಿ, ಬಣ್ಣ ನೋಡಿ ನೋಡಿ ಒಂದೊಂದು ಜಗ್ಗಿಗೆ ಸುರಿದರು. ನೊರೆ ಉಕ್ಕಿತು.

“ಥೂ, ಬೆಲ್ಲದ ಕಲ್ಮಶ ತೆಗೆದೇ ಇಲ್ಲವಲ್ಲಯ್ಯ ಈ ಜರ್ಮನಿಯವರು!” ಎಂದು ಸೌಟಿನಿಂದ ನೊರೆಯನ್ನೆಲ್ಲ ತೆಗೆದು ಚೆಲ್ಲಿದರು. ಮೃತ್ಯುಂಜಯ ಗೋಡೆಗೆ ಒರಗಿ ಮನಸ್ಸಿನಲ್ಲೇ ಸ್ಟೋರ್ಸಿನ ಕುರ್ಚಿಗೆ ಕೈ ಮುಗಿದು ಬೀಳ್ಕೊಟ್ಟ.

ಸಾಹೇಬರು ಸೂಟ್‌ಕೇಸು ಹಿಡಿದು ಒಳಗೆ ಕಾಲಿಟ್ಟಾಗ ಎಂಟು ಜನ ಆಫೀಸರ್‌ಗಳೂ ಬೂಟು ಬಿಚ್ಚಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುಂದೆ ಬಾಳೆಲೆ, ಎಲೆಯ ಮೇಲೆ ಕೋಸಂಬರಿ, ಪಕ್ಕದಲ್ಲಿ ಸ್ಟೀಲ್ ಲೋಟ. ಪ್ರೊಡಕ್ಷನ್ ಮ್ಯಾನೇಜರು ಲೋಟಕ್ಕೆ ಕೈ ಹಾಕಿದರು.

“ಕೈ ತೆಗೀರಿ! ಎಲ್ಲರಿಗೂ ಬಂದ ಮೇಲೆ ಒಟ್ಟಿಗೆ!” ಎಂದು ಏಕಾಂತಯ್ಯನವರು ಗದರಿದರು. ಆಮೇಲೆ ಬಾಗಿಲ ಕಡೆ ತಿರುಗಿ, “ಬಾಪ್ಪ, ಕೂತ್ಕೋ. ತಡವಾಗಿ ಬಂದೋರಿಗೆ ಕೊನೇ ಎಲೆ,” ಎಂದರು.

ಸಾಹೇಬರು ಅವರ ಮುಖ ನೋಡಿದರು, ಜಗ್ಗು ನೋಡಿದರು, ಸೂಟ್‌ಕೇಸು ಮೂಲೆಗಿಟ್ಟು ಹೋಗಿ ಕೊನೆಯ ಎಲೆಯ ಮುಂದೆ ಕೂತರು. ಮೃತ್ಯುಂಜಯ ಮೆಲ್ಲಗೆ ಅಡುಗೆಮನೆ ಬಾಗಿಲ ಮರೆಗೆ ಸರಿದ.

ಒಂದನೇ ಜಗ್ಗು ಬಂತು. ಕೋಸಂಬರಿ. ಎರಡನೆಯದು. ಕೋಸಂಬರಿ. ಕೇಳಿದವರಿಗೂ ಎರಡನೇ ಸಲವಿಲ್ಲ, ಬೇಡವೆಂದವರಿಗೂ ಬಿಡುಗಡೆಯಿಲ್ಲ. ಐದನೆಯ ಕಪ್ಪು ಪಾನಕ ಬರುವ ಹೊತ್ತಿಗೆ ವ್ಯಾನಿನಲ್ಲಿ ಮಲಗಿಸಿದ್ದ ವಿಜಯ್‌ಕುಮಾರ್ ಎದ್ದು ಬಂದು, ಪ್ರೊಡಕ್ಷನ್ ಮ್ಯಾನೇಜರನ್ನು ಹಿಂದಿನಿಂದ ತಬ್ಬಿಕೊಂಡು, “ನೀವೂ ನಾನೂ ಒಂದೇ ಸಾರ್,” ಎಂದು ಎಲೆಯ ಮೇಲೆಯೇ ಉರುಳಿದ.

ಸಾಹೇಬರು ಎದ್ದರು. ನೇರ ಮೃತ್ಯುಂಜಯನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು.

“ಮೃತ್ಯುಂಜಯ! ಲೇಬಲ್ ಕಾಣದ ಹಾಗೆ ಕೊಡ್ಬೇಕು ಅನ್ನೋದು ನಿಮಗ್ಯಾರ್ರೀ ಹೇಳಿದ್ದು? ಯೂರೋಪಲ್ಲೂ ಹೀಗೇ! ಲೋಟದಲ್ಲಿ ನೊರೆನೇ ಇಲ್ಲ, ಅಲ್ಲೂ ಹೀಗೇ ನೊರೆ ತೆಗೀತಾರೆ! ತಿಳೀದು ಮೊದಲು, ಕಪ್ಪು ಕೊನೇಗೆ, ನಡುವೆ ಬಾಯಿಗೆ ಸಪ್ಪೆ… ಜರ್ಮನೀಲೂ ಇಂಥ ಶಿಸ್ತು ನಾನು ನೋಡಿಲ್ಲ!”

ಮೃತ್ಯುಂಜಯ ಕೈ ಬಿಡಿಸಿಕೊಂಡು ಆನಂದದಿಂದ ಮುಗಿದ. “ಹಾಗಾದ್ರೆ ಸಾರ್, ಸ್ಟೋರ್ಸು…”

“ಅದನ್ನೇ ಹೇಳೋಕೆ ಬಂದೆ. ಕ್ಯಾಂಟೀನ್ ಮೇಲೆ ಕಂಪ್ಲೇಂಟ್ ಜಾಸ್ತಿ ಅಂತ, ನಿಮ್ಮನ್ನ ಸೋಮವಾರದಿಂದಲೇ ಸ್ಟೋರ್ಸಿಗೆ ಹಾಕೋದು ಅಂತ ನಿನ್ನೇನೇ ತೀರ್ಮಾನ ಮಾಡ್ಬುಟ್ಟಿದ್ದೆ. ಎಂಥಾ ಅನ್ಯಾಯ ಆಗೋಗ್ತಿತ್ತು ನೋಡಿ! ನಾನಿರೋ ತನಕ ನೀವು ಕ್ಯಾಂಟೀನ್ ಬಿಟ್ಟು ಎಲ್ಲೂ ಹೋಗಂಗಿಲ್ಲ. ಮುಂದಿನ ತಿಂಗಳು ವಿಸ್ಕಿ, ಎಂಟು ಥರ.” ಆಮೇಲೆ ಎಲೆಯ ಮೇಲೆ ಗೊರಕೆ ಹೊಡೆಯುತ್ತಿದ್ದವನ ಕಡೆ ನೋಡಿ ಮುಖ ಸಿಂಡರಿಸಿದರು. “ಇವನ್ಯಾರು, ನಿಮ್ಮ ಅಸಿಸ್ಟೆಂಟಾ? ಇಂಥೋನ್ನ ಅಡುಗೆಮನೆ ಹತ್ರ ಬಿಟ್ಕೋಬಾರ್ದು ಕಣ್ರೀ. ಆ ಸ್ಟೋರ್ಸಿಗೆ ಇವನನ್ನೇ ತಳ್ಳಿಬಿಡೋಣ.”

ಮೃತ್ಯುಂಜಯ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದ. ಏಕಾಂತಯ್ಯನವರು ಪಕ್ಕದಲ್ಲಿ ಕೂತು ತೃಪ್ತಿಯಿಂದ ಒಂದು ಚಿಟಿಕೆ ನಶ್ಯ ಏರಿಸಿದರು.

“ಒಂದು ತೊಟ್ಟೂ ಉಳೀಲಿಲ್ಲ ಕಣಯ್ಯ. ಬಡಿಸಿದೋರಿಗೆ ಇನ್ನೇನು ಬೇಕು? ನಿಮ್ಮ ಹುಡುಗನ್ನ ಮಾತ್ರ ನೋಡಿದೆ, ಪಾಪ, ಬಿಸಿಲಿಗೆ ಪಿತ್ತ ಕೆರಳಿದೆ. ಮುಂದಿನ ಸಲ ಅವನಿಗೆ ಎರಡು ಲೋಟ ಪಾನಕ ಜಾಸ್ತಿ ಕೊಡು.”

ಸೋಮವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಂದಿನಂತೆ ಹೊಗೆ. ಮೃತ್ಯುಂಜಯ ಎಂದಿನಂತೆ ಕೌಂಟರಿನ ಹಿಂದೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಸ್ಟೋರ್ಸಿನ ವಿಜಯ್‌ಕುಮಾರ್ ಬಂದು ಕೂತ. ಒಂದು ತುತ್ತು ಬಾಯಿಗಿಟ್ಟ. ತಲೆ ಎತ್ತಿದ.

“ಏನ್ರೀ ಮೃತ್ಯುಂಜಯ, ಸಾಂಬಾರಿಗೆ ಉಪ್ಪೇ ಇಲ್ವಲ್ರೀ!”